ಅತ್ತಿಗೆ ಅಂಟಿಸಿದ ಹನ್ನೊಂದು ಚೀಟಿ

ನಮ್ಮ ಅತ್ತಿಗೆಗೆ ಸೊಟ್ಟ ಅಂದರೆ ಆಗುವುದಿಲ್ಲ. ಗೋಡೆಯ ಗಡಿಯಾರ ಕೂದಲೆಳೆಯಷ್ಟು ವಾಲಿದ್ದರೂ ಊಟದ ನಡುವೆ ಎದ್ದು ಹೋಗಿ ಸರಿಮಾಡಿ ಬರುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅವರ ಪದವಿಪತ್ರದ ಚೌಕಟ್ಟು ಓರೆಯಾಗಿದೆ ಅಂತ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕುರ್ಚಿಯಿಂದಿಳಿದು ನೆಟ್ಟಗೆ ಮಾಡಿದವರು ಅವರು. ನನ್ನ ಅಣ್ಣ ಇದ್ದಾಗ, "ಇವಳು ನನ್ನ ಒಪ್ಪಿಕೊಂಡಳು ಅಂದ್ರೆ ನಾನು ನೆಟ್ಟಗಿದ್ದೀನಿ ಅಂತ ಸರ್ಟಿಫಿಕೇಟ್ ಸಿಕ್ಕ ಹಾಗೇ" ಅನ್ನುತ್ತಿದ್ದ. ಅಣ್ಣ ಹೋಗಿ ಎಂಟು ವರ್ಷವಾಯಿತು. ಅವನ ಫೋಟೊ ನಮ್ಮ ಗೋಡೆಯ ಮೇಲೆ ನೂಲು ಹಿಡಿದು ಅಳೆದ ಹಾಗಿದೆ.

ಈ ಸೊಟ್ಟ ನೆಟ್ಟದ ಹುಚ್ಚೇ ಅವರನ್ನು ಸಂಸತ್ತಿನ ಸಮಿತಿಯ ಮುಂದೆ ಕೂರಿಸಿತು ಅಂದರೆ ಯಾರು ನಂಬುತ್ತಾರೆ? ನಾನು ಕಣ್ಣಾರೆ ನೋಡಿದವಳು, ನನಗೇ ಇನ್ನೂ ಮೈ ಜುಮ್ಮೆನ್ನುತ್ತದೆ. ಮೊದಲಿನಿಂದ ಹೇಳುತ್ತೇನೆ, ಅವಸರ ಮಾಡಬೇಡಿ.

ನಾವಿರುವುದು ನಗರಸಭೆ ಕಟ್ಟಿಸಿದ ಹನ್ನೆರಡು ಮಹಡಿಯ ವಸತಿಯಲ್ಲಿ, ಹನ್ನೊಂದನೇ ಮಹಡಿ. ಮನೆಯಲ್ಲಿ ಮೂರೇ ಜನ: ಮಂಡಿನೋವಿನ ನಮ್ಮಮ್ಮ, ಅವರ ಸೊಸೆ ಅಂದರೆ ನನ್ನ ಅತ್ತಿಗೆ, ಮತ್ತು ಅತ್ತಿಗೆಯ ಪಾಲಿಗೆ ಬಂದ ನಾದಿನಿ ನಾನು. ನಾನು ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಹೇಳಿದವರ ಮೇಲೆ ನನಗೆ ಕೋಪವೂ ಬರುತ್ತದೆ. ಅತ್ತಿಗೆಯದು ಆ ಕಟ್ಟಡದ ಮುಂದಿನ ಮೆಟ್ಟಿಲುಗಳನ್ನು ಗುಡಿಸಿ ಒರೆಸುವ ಕೆಲಸ. ಇಪ್ಪತ್ತೊಂದು ವರ್ಷದಿಂದ ದಿನಾ ಹನ್ನೆರಡನೇ ಮಹಡಿಯಿಂದ ಶುರು ಮಾಡಿ ನೆಲಕ್ಕೆ ಬಂದು ಮುಟ್ಟುತ್ತಾರೆ. ಲಿಫ್ಟ್ ಮನಸ್ಸು ಬಂದ ದಿನ ಓಡುತ್ತದೆ, ಬಾರದ ದಿನ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಹಾಗಾಗಿ ಕಟ್ಟಡದವರೆಲ್ಲರಿಗೂ ದಿನಾ ಎದುರಾಗುವುದು ಅತ್ತಿಗೆಯೇ. ಅವರನ್ನು ಎಲ್ಲರೂ ಮೆಟ್ಟಿಲಕ್ಕ ಅಂತಲೇ ಕರೆಯುವುದು.

ಪ್ರತಿ ಮಹಡಿಯ ಮೊಗಸಾಲೆಯ ಕೊನೆಗೆ ಒಂದು ದಪ್ಪ ಹಸಿರು ಬಾಗಿಲಿದೆ. ಅದರಾಚೆ ಹಿಂದಿನ ಮೆಟ್ಟಿಲು. ಬೆಂಕಿಗಿಂಕಿ ಬಿದ್ದರೆ ಜನ ಇಳಿದು ಹೋಗಲಿ ಅಂತ ಮಾಡಿದ್ದು. ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ. ತಳ್ಳಿದರೆ ಬಾಗಿಲು ತೆರೆಯಬೇಕು, ಗಂಟೆ ಹೊಡೆದುಕೊಳ್ಳಬೇಕು. ಮೇಲೊಂದು ಕೆಂಪು ಬೋರ್ಡು: ತುರ್ತು ಸಂದರ್ಭದಲ್ಲಿ ಮಾತ್ರ ತೆರೆಯಿರಿ. ಅತ್ತಿಗೆ ಬೋರ್ಡು ಹೇಳಿದ ಮಾತು ಮೀರುವವರಲ್ಲ. ಹಿಂದಿನ ಮೆಟ್ಟಿಲು ಅವರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಆ ಬಾಗಿಲುಗಳ ಮುಖ ಒರೆಸಿದ್ದಾರೆಯೇ ಹೊರತು ಒಂದನ್ನೂ ತಳ್ಳಿ ನೋಡಿರಲಿಲ್ಲ.

ತಳ್ಳಿ ನೋಡುವ ಕೆಲಸ ನಗರಸಭೆಯ ಇನ್ಸ್‌ಪೆಕ್ಟರರದು. ವರ್ಷಕ್ಕೊಮ್ಮೆ ಬಂದು, ಹನ್ನೆರಡೂ ಬಾಗಿಲು ಪರೀಕ್ಷಿಸಿ, ಒಂದೊಂದಕ್ಕೂ 'ಪರೀಕ್ಷಿಸಲಾಗಿದೆ' ಅಂತ ಆ ವರ್ಷದ ಹಳದಿ ಚೀಟಿ ಅಂಟಿಸಿ ಹೋಗಬೇಕು. ಮನುಷ್ಯ ಕೆಟ್ಟವರಲ್ಲ. ಉಬ್ಬಸದ ಕಾಯಿಲೆ, ಒಬ್ಬರ ತಲೆಗೆ ಅರವತ್ತು ಚಿಲ್ಲರೆ ಕಟ್ಟಡ. ಒಂಬತ್ತು ವರ್ಷದ ಹಿಂದೆ ಲಿಫ್ಟ್ ಕೆಟ್ಟ ದಿನ ಬಂದವರು ಮೊದಲನೇ ಮಹಡಿಯ ಬಾಗಿಲು ನೋಡಿ, ಚೀಟಿ ಅಂಟಿಸಿ, ಅಲ್ಲೇ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತರಂತೆ.

"ಅಕ್ಕ, ನೀವು ಹೇಗೂ ಮೇಲೆ ಹೋಗ್ತೀರಿ. ಈ ಹನ್ನೊಂದು ಚೀಟಿ ಅಂಟಿಸಿಬಿಡಿ."

ಅಯ್ಯೋ ಪಾಪ ಅಂತ ಅತ್ತಿಗೆ ತೆಗೆದುಕೊಂಡರು. ಅಲ್ಲಿಂದ ಅದೇ ರೂಢಿಯಾಯಿತು. ಇನ್ನು ನಮ್ಮ ಅತ್ತಿಗೆ ಚೀಟಿ ಅಂಟಿಸುವುದು ಅಂದರೆ ಕೇಳಬೇಕೆ? ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಆಮೇಲೆ ಒಣ ಬಟ್ಟೆ, ಆಮೇಲೆ ಕೆಂಪು ಬೋರ್ಡಿನ ಕೆಳಗೆ ನಾಲ್ಕು ಬೆರಳು ಬಿಟ್ಟು ನೇರಕ್ಕೆ ಅಂಟಿಸುವುದು. ಚೀಟಿಯ ಚೂಪು ಮೂಲೆಗೆ ಒರೆಸುವ ಬಟ್ಟೆ ತಗುಲಿ ಮೇಲೇಳುತ್ತದೆ ಅಂತ, ಜೇಬಿನಲ್ಲಿದ್ದ ಉಗುರು ಕತ್ತರಿಯಿಂದ ನಾಲ್ಕೂ ಮೂಲೆಯನ್ನು ದುಂಡಗೆ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಬಾಗಿಲು ನೋಡುವವರು ಬೇರೆ ಯಾರೋ ಬಂದು ನೋಡುತ್ತಾರೆ, ಚೀಟಿ ಅಂದರೆ ಕ್ಯಾಲೆಂಡರ್ ಬದಲಿಸಿದ ಹಾಗೆ ಅಂತ ಅವರು ಅಂದುಕೊಂಡಿದ್ದರು. ಈ ಚೀಟಿಯ ಕಥೆ ನನಗೆ ಗೊತ್ತಾದದ್ದು ಬಹಳ ತಡವಾಗಿ. ನಿಮಗೆ ಮೊದಲೇ ಹೇಳಿಬಿಟ್ಟಿದ್ದೇನೆ.

ಐದು ವರ್ಷದ ಹಿಂದೆ ನಗರಸಭೆ ಚುನಾವಣೆ ಬಂತು. ನಮ್ಮ ಕೌನ್ಸಿಲರ್ ಸಾಹೇಬರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ, ಇಡೀ ಕಟ್ಟಡಕ್ಕೆ ಬಣ್ಣ ಹೊಡೆಸಿದರು. ಲಿಫ್ಟ್ ಮಾತ್ರ ಹಾಗೇ ನಿಂತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾಲ್ಕನೇ ಮಹಡಿಯವರೆಗೆ ಬಣ್ಣದವರು ನಿಧಾನವಾಗಿ, ಚೆನ್ನಾಗಿಯೇ ಹೊಡೆದರು. ಮತದಾನಕ್ಕೆ ಎರಡೇ ದಿನ ಉಳಿದಾಗ ಐದರಿಂದ ಹನ್ನೆರಡರವರೆಗೆ ಬಿರುಗಾಳಿಯ ಹಾಗೆ ಮೇಲೆ ಹೋದರು. ಬಾಗಿಲು, ಚೌಕಟ್ಟು, ನಡುವಿನ ಸಂದು, ಗಂಟೆಯ ತಂತಿ, ಎಲ್ಲದರ ಮೇಲೂ ಮೂರು ಕೈ ಎಣ್ಣೆಬಣ್ಣ. ಹಳೇ ಚೀಟಿಗಳೂ ಅದರಡಿ ಹೋದವು. ಮೇಲೆ ಥಳಕು, ಒಳಗೆ ಹುಳುಕು. ಬಣ್ಣ ಒಣಗಿ ಬಾಗಿಲೂ ಚೌಕಟ್ಟೂ ಒಂದೇ ಹಲಗೆಯಾದವು. ಅದರ ಮೇಲೆ ಅತ್ತಿಗೆ ವರ್ಷ ವರ್ಷ ಹೊಸ ಚೀಟಿ ನೆಟ್ಟಗೆ ಅಂಟಿಸಿದರು.

ಇದು ಬಯಲಾದದ್ದು ಈ ವರ್ಷದ ಆರಂಭದಲ್ಲಿ, ಒಂದು ಮಧ್ಯಾಹ್ನ. ಎಂಟನೇ ಮಹಡಿಯ ದರ್ಜಿಯ ಮನೆಯಲ್ಲಿ ಒಲೆಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿತು. ಹೊಗೆ ಮುಂದಿನ ಮೆಟ್ಟಿಲಿನಲ್ಲಿ ತುಂಬಿ ಮೇಲಕ್ಕೇರಿತು. ನಾನು ಶಾಲೆಯಲ್ಲಿದ್ದೆ. ಅತ್ತಿಗೆ ಒಂಬತ್ತರಲ್ಲಿ ಒರೆಸುತ್ತಿದ್ದವರು ಬಕೆಟ್ ಬಿಸಾಕಿ ಹನ್ನೊಂದಕ್ಕೆ ಓಡಿ, ಅಮ್ಮನನ್ನು ಎಬ್ಬಿಸಿ, ತೋಳು ಹಿಡಿದು ಹಿಂದಿನ ಬಾಗಿಲಿಗೆ ತಂದರು. ಪಟ್ಟಿ ತಳ್ಳಿದರು. ಬಾಗಿಲು ಅಲ್ಲಾಡಲಿಲ್ಲ, ಗಂಟೆ ಉಸಿರೆತ್ತಲಿಲ್ಲ. ಹೆಗಲು ಕೊಟ್ಟು ತಳ್ಳಿದರು. ಆಮೇಲೆ ಅಮ್ಮನನ್ನು ವಾಪಸು ಮನೆಯೊಳಗೆ ತಂದು, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಇಬ್ಬರೂ ಬಾಲ್ಕನಿಯಲ್ಲಿ ಇಪ್ಪತ್ತು ನಿಮಿಷ ಕೂತರು. ಅಷ್ಟರಲ್ಲಿ ದರ್ಜಿ ಒದ್ದೆ ಕಂಬಳಿ ಹಾಕಿ ಬೆಂಕಿ ಆರಿಸಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅತ್ತಿಗೆಯ ಹೆಗಲು ಒಂದು ವಾರ ನೀಲಿಗಟ್ಟಿತ್ತು. ನಾನು ಮನೆಗೆ ಬಂದಾಗ ಅಮ್ಮ, "ನಿನ್ನ ಅತ್ತಿಗೆ ನನ್ನ ಕೈ ಬಿಡಲೇ ಇಲ್ಲ ಕಣೇ" ಅಂದರು.

ಮರುದಿನ ಅತ್ತಿಗೆ ಮೊದಲ ಬಾರಿ ಬೋರ್ಡಿನ ಮಾತು ಮೀರಿ ಹನ್ನೆರಡೂ ಬಾಗಿಲು ತಳ್ಳಿ ನೋಡಿದರು. ನಾಲ್ಕು ತೆರೆದವು, ಎಂಟು ತೆರೆಯಲಿಲ್ಲ. ನಗರಸಭೆಗೆ ಹೋಗಿ ಹೇಳಿದರು. ಬರೆದುಕೊಡಿ ಅಂದರು. ಬರೆದುಕೊಟ್ಟೆವು. ಈ ವಿಭಾಗವಲ್ಲ ಆ ವಿಭಾಗ ಅಂದರು. ಮೂರು ತಿಂಗಳು ಹೀಗೇ ಹೋಯಿತು.

ಅಷ್ಟರಲ್ಲಿ ನಾನು ಪತ್ರಿಕೆಯಲ್ಲಿ ಒಂದು ಪ್ರಕಟಣೆ ನೋಡಿದೆ. ಸ್ಥಳೀಯ ಸಂಸ್ಥೆಗಳು ಎತ್ತರದ ವಸತಿಗಳ ಸುರಕ್ಷತೆಯನ್ನು ಹೇಗೆ ನೋಡಿಕೊಳ್ಳುತ್ತಿವೆ ಅಂತ ಸಂಸತ್ತಿನ ಸಮಿತಿಯೊಂದು ವಿಚಾರಣೆ ಮಾಡುತ್ತಿದೆ, ಸಾರ್ವಜನಿಕರು ಬರೆಯಬಹುದು ಅಂತ. ನಾನು ಸಂಜೆಗೇ ನಾಲ್ಕು ಪುಟ ಟೈಪ್ ಮಾಡಿದೆ. ಅದರಲ್ಲಿ ಲಿಫ್ಟ್ ಇತ್ತು, ಕೌನ್ಸಿಲರ್ ಇದ್ದರು, ಪ್ರಜಾಪ್ರಭುತ್ವದ ಗತಿ ಇತ್ತು. ಅತ್ತಿಗೆ ಓದಿ ಕನ್ನಡಕ ತೆಗೆದರು.

"ಇದೆಲ್ಲ ಯಾಕೆ? ಎಂಟು ಬಾಗಿಲು ತೆಗೆಯಲ್ಲ ಅಂತ ಬರಿ. ಯಾವ ಮಹಡಿ ಅಂತ ಬರಿ. ಸಾಕು."

"ಸಿಟ್ಟಾದ್ರೂ ಗೊತ್ತಾಗ್ಬೇಡ್ವಾ ಅತ್ತಿಗೆ?"

"ಸಿಟ್ಟು ನಿನ್ನ ಹತ್ರಾನೇ ಇರಲಿ ತಾಯಿ, ಮುಂದಕ್ಕೆ ಬೇಕಾಗುತ್ತೆ."

ಅರ್ಧ ಪುಟ ಉಳಿಯಿತು. ಕೆಳಗೆ ಅತ್ತಿಗೆ ನೆಟ್ಟಗೆ ಸಹಿ ಹಾಕಿದರು. ಒಂದು ತಿಂಗಳಿಗೆ ಫೋನ್ ಬಂತು. ಸಮಿತಿಯ ಕಾರ್ಯದರ್ಶಿ ಕಚೇರಿಯಿಂದ, ನೀವು ರಾಜಧಾನಿಗೆ ಬಂದು ಸಾಕ್ಷಿ ಹೇಳಬೇಕು, ಅದೇ ದಿನ ನಿಮ್ಮ ನಗರಸಭೆಯ ಆಯುಕ್ತರನ್ನೂ ಕರೆದಿದ್ದೇವೆ ಅಂತ. ಅತ್ತಿಗೆ ಫೋನಿಗೆ, "ಸರಿ ಸ್ವಾಮಿ, ಆದ್ರೆ ಸೋಮವಾರ ಬೇಡ, ಸೋಮವಾರ ಕಸ ಜಾಸ್ತಿ" ಅಂದುಬಿಟ್ಟರು. ನಾನು ಪಕ್ಕದಲ್ಲಿ ತಲೆ ಚಚ್ಚಿಕೊಂಡೆ.

ಸುದ್ದಿ ಲಿಫ್ಟಿಗಿಂತ ಬೇಗ ಹನ್ನೆರಡೂ ಮಹಡಿ ಸುತ್ತಿತು. ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದರ್ಜಿ ತನ್ನಿಂದ ಶುರುವಾದದ್ದು ಅನ್ನುವ ಸಂಕೋಚಕ್ಕೋ ಹೆಮ್ಮೆಗೋ ಅತ್ತಿಗೆಗೆ ಹೊಸ ಕೋಟು ಹೊಲಿದುಕೊಟ್ಟ. ಆರನೇ ಮಹಡಿಯ ನರ್ಸ್ ತನ್ನ ಒಳ್ಳೆಯ ಚಪ್ಪಲಿ ಕೊಟ್ಟಳು, ಅದು ಒಂದಳತೆ ದೊಡ್ಡದು. ಅತ್ತಿಗೆ ಮೆಟ್ಟಿಲು ಒರೆಸುತ್ತಿದ್ದರೆ ಎದುರಾದವರೆಲ್ಲ ನಿಂತು ಒಂದೊಂದು ಸಲಹೆ ಕೊಡುವವರೇ. ಒಬ್ಬರು ಮೆಲ್ಲಗೆ ಮಾತಾಡು ಅಂದರೆ ಇನ್ನೊಬ್ಬರು ಜೋರಾಗಿ ಮಾತಾಡು ಅನ್ನುತ್ತಿದ್ದರು. ಮುಂದಿನ ಚುನಾವಣೆಗೆ ಐದೇ ವಾರ ಉಳಿದಿತ್ತು; ಕೌನ್ಸಿಲರೂ ಒಂದು ದಿನ ಖುದ್ದಾಗಿ ಬಂದು, "ಮೆಟ್ಟಿಲಕ್ಕ, ಊರಿನ ಮಾನ ಸ್ವಲ್ಪ ನೋಡಿಕೊಂಡು ಮಾತಾಡಿ" ಅಂದರು. "ಊರಿನ ಮಾನಕ್ಕೆ ಏನೂ ಆಗಲ್ಲ ಸಾರ್, ಬಾಗಿಲು ತೆಗೆದ್ರೆ ಗಾಳಿ ಬರುತ್ತೆ ಅಷ್ಟೇ" ಅಂದರು ಅತ್ತಿಗೆ. ಕೌನ್ಸಿಲರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಹೊರಡುವುದಕ್ಕೆ ಮೂರು ದಿನ ಇರುವಾಗ ಸಮಿತಿಯಿಂದ ದಪ್ಪ ಲಕೋಟೆ ಬಂತು. ನಗರಸಭೆ ಕೊಟ್ಟ ಲಿಖಿತ ಉತ್ತರದ ಪ್ರತಿ. ಅತ್ತಿಗೆ ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ನಾನೇ ಗಟ್ಟಿಯಾಗಿ ಓದಿದೆ: 'ದೂರಿನಲ್ಲಿ ಹುರುಳಿಲ್ಲ. ಹನ್ನೆರಡೂ ಬಾಗಿಲುಗಳನ್ನು ಪ್ರತಿ ವರ್ಷ ಖುದ್ದಾಗಿ ಪರೀಕ್ಷಿಸಲಾಗಿದೆ. ಸಾಕ್ಷ್ಯವಾಗಿ ಪ್ರತಿ ಬಾಗಿಲಿನ ಮೇಲಿನ ಪರೀಕ್ಷಾ ಚೀಟಿಯ ಛಾಯಾಚಿತ್ರ ಲಗತ್ತಿಸಿದೆ.'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅತ್ತಿಗೆ ನಿಜವಾಗಿಯೂ ಹೆಗಲು ಮುಟ್ಟಿಕೊಂಡರು. ನೀಲಿಗಟ್ಟಿದ್ದ ಹೆಗಲು. "ಆ ಚೀಟಿ ಅಂಟಿಸಿದ್ದು ನಾನು" ಅಂದರು. ಆಮೇಲೆ ಒಂಬತ್ತು ವರ್ಷದ ಕಥೆ ಹೇಳಿದರು. ಕೊನೆಗೆ ಹೇಳಿದ್ದು ಇಷ್ಟು: "ಅವತ್ತು ಅಮ್ಮನ್ನ ಹಿಡ್ಕೊಂಡು ತಳ್ತಿದ್ದಾಗ ಅದು ನನ್ನ ಕಣ್ಣ ಮುಂದೇನೇ ಇತ್ತು. ಪರೀಕ್ಷಿಸಲಾಗಿದೆ ಅಂತ. ಎಷ್ಟು ನೆಟ್ಟಗಿತ್ತು ಗೊತ್ತಾ."

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಮೊದಲು ಇನ್ಸ್‌ಪೆಕ್ಟರ್ ಮೇಲೆ, ಆಮೇಲೆ ಅತ್ತಿಗೆಯ ಮೇಲೆ, ಕೊನೆಗೆ ನಾಲ್ಕು ಪುಟ ಬರೆಯಲು ಹೊರಟಿದ್ದ ನನ್ನ ಮೇಲೆ. ಅತ್ತಿಗೆಯದು ಗುತ್ತಿಗೆಯ ಕೆಲಸ. ಸುಳ್ಳು ಚೀಟಿ ಅಂಟಿಸಿದ್ದು ನಾನೇ ಅಂತ ಸಂಸತ್ತಿನಲ್ಲಿ ಹೇಳಿದರೆ ಮರುದಿನವೇ ಮನೆಗೆ ಕಳಿಸುತ್ತಾರೆ, ತಪ್ಪನ್ನೆಲ್ಲ ಅವರ ತಲೆಗೇ ಕಟ್ಟುತ್ತಾರೆ. ಹೇಳದಿದ್ದರೆ ಫೋಟೊ ಗೆಲ್ಲುತ್ತದೆ, ಎಂಟು ಬಾಗಿಲು ಹಾಗೇ ಮುಚ್ಚಿರುತ್ತವೆ.

"ಚೀಟಿ ವಿಷಯ ಎತ್ತಬೇಡಿ ಅತ್ತಿಗೆ. ಬಾಗಿಲು ತೆಗೆಯಲ್ಲ ಅಂತ ಮಾತ್ರ ಹೇಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹಾವು ಸಾಯ್ಲೇಬೇಕಲ್ಲ" ಅಂದರು ಅತ್ತಿಗೆ.

ಮರುದಿನ ಸಂಜೆ ಇನ್ಸ್‌ಪೆಕ್ಟರೂ ಬಂದರು. ಅವತ್ತೂ ಲಿಫ್ಟ್ ಇರಲಿಲ್ಲ. ಹನ್ನೊಂದು ಮಹಡಿ ಅವರು ಹತ್ತಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಐದು ನಿಮಿಷ ಬರೀ ಉಸಿರಾಡಿದರು. ಅಮ್ಮ ನೀರು ಕೊಟ್ಟರು.

"ಅಕ್ಕ, ನೀವು ಬಾಯಿ ಬಿಟ್ರೆ ಇಬ್ಬರೂ ಹೋಗ್ತೀವಿ. ನನಗೆ ನಿವೃತ್ತಿಗೆ ಎರಡು ವರ್ಷ ಇದೆ."

"ನಮ್ಮ ಅತ್ತೆಗೆ ಮಂಡಿ ಇಲ್ಲ ಸಾಹೇಬ್ರೇ" ಅಂದರು ಅತ್ತಿಗೆ. ಇನ್ಸ್‌ಪೆಕ್ಟರ್ ನೀರಿನ ಲೋಟ ಕೆಳಗಿಟ್ಟು ಇಳಿದು ಹೋದರು. ಇಳಿಯುವಾಗ ಪ್ರತಿ ಮಹಡಿಯಲ್ಲೂ ನಿಲ್ಲುವುದು ಕೇಳಿಸುತ್ತಿತ್ತು.

ರೈಲಿನಲ್ಲಿ ನಾನು, "ಏನು ಹೇಳ್ತೀರಿ?" ಅಂತ ಎಂಟು ಸಲ ಕೇಳಿದೆ. ಎಂಟು ಸಲವೂ "ನೋಡೋಣ" ಅಂದರು. ನಾನು ಟೈಪ್ ಮಾಡಿಕೊಟ್ಟ ಹಾಳೆ, ಬಾಗಿಲುಗಳ ಬಗ್ಗೆ ಮಾತ್ರ ಇದ್ದದ್ದು, ಅವರ ಚೀಲದಲ್ಲಿ ಮಡಿಸಿ ಕೂತಿತ್ತು.

ಸಂಸತ್ತಿನ ಬಾಗಿಲಲ್ಲೇ ಮೊದಲ ತಕರಾರು. ಕಾವಲಿನವರು ಅತ್ತಿಗೆಯ ಜೇಬಿನ ಉಗುರು ಕತ್ತರಿ ತೆಗೆದಿಟ್ಟುಕೊಂಡು ಒಂದು ಹಿತ್ತಾಳೆ ಟೋಕನ್ ಕೊಟ್ಟರು. "ವಾಪಸು ಕೊಡ್ತೀರಿ ತಾನೇ? ಅದು ಒಳ್ಳೇ ಕತ್ತರಿ" ಅಂತ ಎರಡು ಸಲ ಕೇಳಿ ಒಳಗೆ ಬಂದರು. ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕುದುರೆ ಲಾಳದ ಆಕಾರದ ಮೇಜಿನ ಸುತ್ತ ಹನ್ನೊಂದು ಜನ ಸಂಸದರು, ನಡುವೆ ದಾರ ಕಟ್ಟಿದ ಕನ್ನಡಕದ ಅಧ್ಯಕ್ಷೆ. ಲಾಳದ ಬಾಯಿಗೆ ಎದುರಾಗಿ ಸಾಕ್ಷಿಗಳ ಚಿಕ್ಕ ಮೇಜು, ಅದರ ಮೇಲೆ ನೀರು, ಲೋಟ, ಕೆಂಪು ದೀಪದ ಮೈಕು. ನಾನು ಅತ್ತಿಗೆಯ ಹಿಂದೆ, ಚಿವುಟಲು ಅನುಕೂಲವಾಗುವಷ್ಟು ಹತ್ತಿರ ಕೂತೆ.

ಮೊದಲು ಆಯುಕ್ತರು. ಮೂವರು ಸಹಾಯಕರು, ಐದು ಕಡತ, ಕೊನೆಯ ಕುರ್ಚಿಯಲ್ಲಿ ಮುಖ ಬಿಳಿಚಿಕೊಂಡ ನಮ್ಮ ಇನ್ಸ್‌ಪೆಕ್ಟರ್. ಕೇಳಿದ ಪ್ರಶ್ನೆಗೆಲ್ಲ ಆಯುಕ್ತರ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಿಯಮದ ಪ್ರಕಾರ ಕ್ರಮ, ಕ್ರಮದ ಪ್ರಕಾರ ನಿಯಮ. ಕೊನೆಗೆ ಹನ್ನೆರಡು ಫೋಟೊ ಎತ್ತಿ ತೋರಿಸಿದರು. "ಚೀಟಿಗಳನ್ನು ಎಷ್ಟು ಶಿಸ್ತಿನಿಂದ ಅಂಟಿಸಲಾಗಿದೆ ಎಂಬುದನ್ನು ಮಾನ್ಯ ಸದಸ್ಯರು ಗಮನಿಸಬೇಕು. ನಮ್ಮ ಸಿಬ್ಬಂದಿಯ ಶ್ರದ್ಧೆಗೆ ಇದೇ ನಿದರ್ಶನ." ಸದಸ್ಯರು ಫೋಟೊ ನೋಡಿ ತಲೆದೂಗಿದರು. ನಿಜಕ್ಕೂ ನೆಟ್ಟಗಿದ್ದವು, ದರಿದ್ರ ಚೀಟಿಗಳು.

ಆಮೇಲೆ ಅಧ್ಯಕ್ಷೆ ಅತ್ತಿಗೆಯ ಕಡೆ ತಿರುಗಿದರು. "ಹೇಳಿ ಅಮ್ಮ. ನಿಧಾನವಾಗಿ ಹೇಳಿ."

ಅತ್ತಿಗೆ ಚೀಲದಿಂದ ನನ್ನ ಹಾಳೆ ತೆಗೆದರು. ಬಿಡಿಸಿದರು. ಮೇಜಿನ ಅಂಚಿಗೆ ಸರಿಯಾಗಿ ನೆಟ್ಟಗೆ ಇಟ್ಟರು. ಮಾತಾಡಿದರು, ಆದರೆ ಏನೂ ಕೇಳಿಸಲಿಲ್ಲ. ಮೈಕಿನ ಗುಂಡಿ ಒತ್ತಿರಲಿಲ್ಲ. ನಾನು ಹಿಂದಿನಿಂದ ಚಿವುಟಿದೆ. ಕೆಂಪು ದೀಪ ಹತ್ತಿತು.

"ಐದರಿಂದ ಹನ್ನೆರಡನೇ ಮಹಡಿವರೆಗೆ ಬಾಗಿಲು ತೆಗೆಯಲ್ಲಮ್ಮ. ಹೋದ ಚುನಾವಣೆಗೆ ಬಣ್ಣ ಹೊಡೆದಾಗ ಅಂಟಿಕೊಂಡಿವೆ. ಇದು ಹಾಳೆಯಲ್ಲಿದೆ." ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಹಾಳೆಯಲ್ಲಿಲ್ಲದ್ದು ಒಂದಿದೆ. ಆ ಚೀಟಿ ಅಂಟಿಸಿದ್ದು ನಾನು."

ಕೋಣೆಯಲ್ಲಿ ಪೆನ್ನುಗಳು ನಿಂತವು. ಕೆಲಸ ಹೋಯಿತು ಅಂದುಕೊಂಡೆ, ಅದರ ಹಿಂದೆಯೇ ಎಂಥದೋ ಹೆಮ್ಮೆ ಏರಿ ಬಂತು.

ಆಯುಕ್ತರು ಎದ್ದೇಬಿಟ್ಟರು. "ಅಧ್ಯಕ್ಷರೇ, ಇದು ಸಾಧ್ಯವಿಲ್ಲ. ಈಕೆ ಕಸ ಗುಡಿಸುವವರು. ಇಷ್ಟು ಶಿಸ್ತಿನ ಕೆಲಸ..." ಮುಂದಿನ ಮಾತು ನುಂಗಿಕೊಂಡರು. ಆದರೆ ಅಷ್ಟು ಸಾಕಾಯಿತು. ನಮ್ಮ ಅತ್ತಿಗೆಯನ್ನು ಸುಳ್ಳಿ ಅಂದರೂ ಸಹಿಸುತ್ತಿದ್ದರೋ ಏನೋ, ಶಿಸ್ತಿಲ್ಲ ಅಂದರೆ?

"ಫೋಟೊ ಇನ್ನೊಂದ್ಸಲ ನೋಡಿ ಅಮ್ಮ" ಅಂದರು ಅತ್ತಿಗೆ, ಸ್ವರ ಈಗ ಕಂಚಿನ ಹಾಗಿತ್ತು. "ಎರಡನೇ ಮಹಡಿಯಿಂದ ಹನ್ನೆರಡರವರೆಗೆ ಚೀಟಿಯ ಮೂಲೆ ನೋಡಿ. ನಾಲ್ಕೂ ದುಂಡಗಿರುತ್ತೆ. ನಗರಸಭೆ ಕೊಡೋ ಚೀಟಿಗೆ ಚೂಪು ಮೂಲೆ. ಒರೆಸುವಾಗ ಏಳುತ್ತೆ ಅಂತ ನಾನು ಕತ್ತರಿಸಿ ಅಂಟಿಸ್ತೀನಿ. ಮೊದಲನೇ ಮಹಡಿಯದು ಮಾತ್ರ ಚೂಪಾಗಿದೆ, ಸ್ವಲ್ಪ ಸೊಟ್ಟಕ್ಕೂ ಇದೆ. ಅದು ಸಾಹೇಬ್ರು ಅಂಟಿಸಿದ್ದು. ಆ ಬಾಗಿಲು ಅವರು ನೋಡಿದ್ದಾರೆ, ಅದು ತೆಗೆಯುತ್ತೆ."

ಹನ್ನೊಂದು ತಲೆಗಳು ಒಟ್ಟಿಗೆ ಫೋಟೊಗಳ ಮೇಲೆ ಬಾಗಿದವು. ಅಧ್ಯಕ್ಷೆ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ದುಂಡು. ದುಂಡು. ದುಂಡು. ಕೊನೆಗೆ ತಲೆಯೆತ್ತಿ, "ಆ ಕತ್ತರಿ ನಿಮ್ಮ ಹತ್ತಿರ ಇದೆಯೇ?" ಅಂದರು.

"ಇತ್ತಮ್ಮ. ನಿಮ್ಮ ಬಾಗಿಲಲ್ಲಿ ಇಸ್ಕೊಂಡರು." ಅತ್ತಿಗೆ ಹಿತ್ತಾಳೆ ಟೋಕನ್ ಎತ್ತಿ ತೋರಿಸಿದರು.

ಇಡೀ ಕೋಣೆ ನಕ್ಕಿತು. ಪೆಪ್ಪರ್‌ಮಿಂಟ್ ಚೀಪುತ್ತಿದ್ದ ಕಿರಿಯ ಸಂಸದನಿಗೆ ಅದು ಗಂಟಲಿಗೆ ಸಿಕ್ಕಿ ಪಕ್ಕದವರು ಬೆನ್ನು ತಟ್ಟಬೇಕಾಯಿತು. ಅಧ್ಯಕ್ಷೆ ಮಾತ್ರ ನಗಲಿಲ್ಲ.

"ಇದರಿಂದ ನಿಮಗೆ ತೊಂದರೆಯಾಗಬಹುದು ಅಂತ ಗೊತ್ತಿತ್ತಲ್ಲವೇ?"

"ಗೊತ್ತಿತ್ತಮ್ಮ. ಬಾಗಿಲು ನೋಡದೆ ಚೀಟಿ ಅಂಟಿಸಿದ್ದು ನನ್ನ ತಪ್ಪು. ಉಪ್ಪು ತಿಂದವರು ನೀರು ಕುಡೀಲೇಬೇಕು. ಆದ್ರೆ ನಾನು ಸುಮ್ಮನಿದ್ರೆ ನೀವು ಆ ಚೀಟಿನ ನಂಬ್ತೀರಿ. ನಮ್ಮ ಕಟ್ಟಡದಲ್ಲಿ ನನ್ನ ಅತ್ತೆ ಥರ ಮಂಡಿ ಹೋದವರು ಹದಿನಾಲ್ಕು ಜನ ಇದ್ದಾರೆ."

ಕೊನೆಯ ಕುರ್ಚಿಯಿಂದ ಇನ್ಸ್‌ಪೆಕ್ಟರ್ ಎದ್ದು ನಿಂತರು. ಯಾರೂ ಕೇಳಿರಲಿಲ್ಲ. "ಅವರು ಹೇಳ್ತಿರೋದು ನಿಜ. ಚೀಟಿ ಕೊಟ್ಟದ್ದು ನಾನು. ತಪ್ಪು ಅವರದಲ್ಲ" ಅಂದು, ಉಬ್ಬಸ ಬಂದು ಕೂತರು. ಅಧ್ಯಕ್ಷೆ ಆಯುಕ್ತರ ಕಡೆ ತಿರುಗಿ, ಅರವತ್ತು ಕಟ್ಟಡಕ್ಕೆ ಎಷ್ಟು ಜನ ಇನ್ಸ್‌ಪೆಕ್ಟರ್ ಇದ್ದಾರೆ, ಬಣ್ಣಕ್ಕೆ ಆದೇಶ ಕೊಟ್ಟವರು ಯಾರು, ಚುನಾವಣೆಯ ಹೊತ್ತಿಗೇ ಯಾಕೆ ಅಂತ ಒಂದಾದ ಮೇಲೊಂದು ಕೇಳಿದರು. ಆಯುಕ್ತರು ಐದೂ ಕಡತ ತಡಕಾಡಿದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು, ಚೀಲ ಅಪ್ಪಿಕೊಂಡು ಕೂತೆ. ಸಾಕ್ಷಿ ಹೇಳಿದ್ದಕ್ಕಾಗಿ ಈಕೆಗೆ ಯಾವ ತೊಂದರೆ ಕೊಟ್ಟರೂ ಅದು ಸಂಸತ್ತಿಗೆ ಮಾಡಿದ ಅಪಚಾರ ಅಂತ ಅಧ್ಯಕ್ಷೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಗುರುವಾರ ಸಮಿತಿಯೇ ಬಂದು ಬಾಗಿಲು ನೋಡುತ್ತದೆ ಅಂತಲೂ ಹೇಳಿದರು.

ಹೊರಗೆ ಬಂದು ಅತ್ತಿಗೆ ಮೊದಲು ಮಾಡಿದ್ದು ಕತ್ತರಿ ವಾಪಸು ತೆಗೆದುಕೊಂಡದ್ದು. ಎರಡನೆಯದು, ದೊಡ್ಡ ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತು ಅತ್ತದ್ದು. ನಾನೂ ಅತ್ತೆ. ಆಮೇಲೆ ಅವರು ಕೂತ ಮೆಟ್ಟಿಲನ್ನು ಬೆರಳಲ್ಲಿ ಮುಟ್ಟಿ ನೋಡಿ, "ಇವರೂ ಮೂಲೆ ಒರೆಸಲ್ಲ" ಅಂದರು.

ಗುರುವಾರ ಸಮಿತಿ ಬಂತು. ಅವತ್ತು ಲಿಫ್ಟ್ ಪವಾಡದ ಹಾಗೆ ಓಡುತ್ತಿತ್ತು. ಅಧ್ಯಕ್ಷೆ ಮೆಟ್ಟಿಲು ಹತ್ತಿಯೇ ಐದನೇ ಮಹಡಿಗೆ ಬಂದು ಕಬ್ಬಿಣದ ಪಟ್ಟಿ ತಳ್ಳಿದರು. ಕಿರಿಯ ಸಂಸದನೂ ಹೆಗಲು ಕೊಟ್ಟ. ಬಾಗಿಲು ಇಬ್ಬರಿಗೂ ಮರ್ಯಾದೆ ಕೊಡಲಿಲ್ಲ. ಮರುದಿನ ಬಡಗಿಗಳು ಉಳಿ ಹಿಡಿದು ಬಂದರು. ಹನ್ನೊಂದನೇ ಮಹಡಿಯ ಬಾಗಿಲು ಬಣ್ಣ ಸಿಡಿದು ತೆರೆದುಕೊಂಡಾಗ ಗಂಟೆ ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಹೊಡೆದುಕೊಂಡಿತು. ಅಮ್ಮ ನಮ್ಮಿಬ್ಬರ ತೋಳು ಹಿಡಿದು ಬಂದು, ಹೊಸ್ತಿಲು ದಾಟಿ, ಹಿಂದಿನ ಮೆಟ್ಟಿಲ ಮೇಲೆ ಎರಡು ಕಾಲೂ ಊರಿ ನಿಂತರು. "ಗಾಳಿ ಚೆನ್ನಾಗಿದೆ" ಅಂದರು.

ಅತ್ತಿಗೆಯನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ. ಅವರೇ ಹೋಗಿ ಮೇಲ್ವಿಚಾರಕರಿಗೆ, ಇನ್ನು ಯಾರ ಚೀಟಿಯನ್ನೂ ಮುಟ್ಟುವುದಿಲ್ಲ ಅಂತ ಬರೆದುಕೊಟ್ಟು ಬಂದರು. ಚುನಾವಣೆ ನಡೆಯಿತು. ಕೌನ್ಸಿಲರೇ ಮತ್ತೆ ಗೆದ್ದರು, ಆದರೆ ಹೋದ ಸಲದಷ್ಟು ಸುಲಭವಾಗಿ ಅಲ್ಲ. ಅದಕ್ಕೆ ನನಗೆ ಬಂದ ಸಿಟ್ಟು ಇನ್ನೊಂದು ನಾಲ್ಕು ಪುಟದ ವಿಷಯ. ಈ ಸಲ ಬಣ್ಣದ ಡಬ್ಬಿ ಮಾತ್ರ ಯಾವ ಮಹಡಿಗೂ ಏರಲಿಲ್ಲ. ನಗರಸಭೆ ಇನ್ನೂ ಮೂವರು ಇನ್ಸ್‌ಪೆಕ್ಟರರನ್ನು ನೇಮಿಸಿತು. ನಮ್ಮ ಹಳೆಯವರಿಗೆ ಎಚ್ಚರಿಕೆ ಪತ್ರ ಕೊಟ್ಟು, ಅರವತ್ತರ ಬದಲು ಹದಿನೈದು ಕಟ್ಟಡ ಉಳಿಸಿದರು. ಅದರಲ್ಲಿ ನಮ್ಮದೂ ಇತ್ತು.

ಹೋದ ವಾರ ಆ ಹಳೇ ಇನ್ಸ್‌ಪೆಕ್ಟರೇ ಬಂದರು. ಹನ್ನೊಂದನೇ ಮಹಡಿ ತಲುಪುವ ಹೊತ್ತಿಗೆ ಅಂಗಿ ಬೆವರಿನಿಂದ ಮೈಗಂಟಿತ್ತು. ಅತ್ತಿಗೆ ಬಕೆಟ್ ಕೆಳಗಿಟ್ಟು ನಿಂತರು, ನಾನು ಮನೆಯ ಬಾಗಿಲಿಂದ ನೋಡುತ್ತಿದ್ದೆ. ಇನ್ಸ್‌ಪೆಕ್ಟರ್ ಪಟ್ಟಿ ತಳ್ಳಿದರು. ಬಾಗಿಲು ತೆರೆಯಿತು, ಗಂಟೆ ಹೊಡೆಯಿತು, ಕೈ ಬಿಟ್ಟಾಗ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಎರಡನೇ ಸಲವೂ ತಳ್ಳಿ ನೋಡಿದರು. ಆಮೇಲೆ ಹಳದಿ ಚೀಟಿ ತೆಗೆದು, ಏದುಸಿರು ಬಿಡುತ್ತಲೇ ಅಂಟಿಸಿ ಹನ್ನೆರಡಕ್ಕೆ ಹತ್ತಿದರು.

ಚೀಟಿ ಎಷ್ಟು ಸೊಟ್ಟಗಿತ್ತೆಂದರೆ ನನಗೇ ತಡೆಯಲಾಗಲಿಲ್ಲ. ಒಂದು ಮೂಲೆ ಮಡಿಚಿಕೊಂಡಿತ್ತು, ನಡುವೆ ಗುಳ್ಳೆ ಬೇರೆ. ಅತ್ತಿಗೆಯ ಕೈ ಜೇಬಿಗೆ ಹೋಯಿತು. ಕತ್ತರಿ ಹೊರಗೆ ಬಂತು. ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು.

"ಅಷ್ಟು ಸೊಟ್ಟಗಿದೆಯಲ್ಲ ಅತ್ತಿಗೆ" ಅಂದೆ.

"ಇರಲಿ ಬಿಡು" ಅಂದರು, ಬಕೆಟ್ ಎತ್ತಿಕೊಳ್ಳುತ್ತಾ. "ಬಾಗಿಲು ನೋಡಿದವರೇ ಅಂಟಿಸಿದ್ದಾರೆ."